ರೋಗದ ಸ್ವಭಾವ ನೋಡಿ ಉಪಾಯ ಆರಿಸಿ: ಜಾನುವಾರು ಮತ್ತು ಬೆಳೆಗಳ ಆರೋಗ್ಯಕ್ಕೆ ಸಂಶೋಧನೆ ಕೊಟ್ಟ ಆಯ್ಕೆಗಳ ಹೋಲಿಕೆ

ಹಸು ಮೇವು ಬಿಟ್ಟು ನಿಂತಾಗ ಅಥವಾ ಬೆಳೆಯ ಎಲೆಗಳ ಮೇಲೆ ಚುಕ್ಕೆಗಳು ಹರಡತೊಡಗಿದಾಗ ಕೃಷಿಕರ ಮುಂದೆ ಹಲವು ದಾರಿಗಳಿರುತ್ತವೆ. ಲಸಿಕೆ, ಔಷಧಿ, ನಿರೋಧಕ ತಳಿ, ಸಿಂಪರಣೆ, ಮಿತ್ರಕೀಟ, ರೋಗಮುಕ್ತ ನಾಟಿ ಸಾಮಗ್ರಿ, ಸೋಂಕು ತಗುಲಿದ್ದನ್ನು ಬೇರ್ಪಡಿಸುವುದು ಅಥವಾ ತೆಗೆದುಹಾಕುವುದು, ಇವೆಲ್ಲವೂ ಕಳೆದ ಸುಮಾರು ನೂರೈವತ್ತು ವರ್ಷಗಳ ಸಂಶೋಧನೆಯಿಂದ ಬಲಗೊಂಡ ಉಪಾಯಗಳೇ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ರೋಗಕ್ಕೆ, ಈ ಹಂತದಲ್ಲಿ ಯಾವುದು ಹೊಂದುತ್ತದೆ ಎಂದು ಕೇಳಿದರೆ ಸಿಗುತ್ತದೆ. ರೋಗಾಣು ಎಷ್ಟು ಬೇಗ ರೂಪ ಬದಲಿಸುತ್ತದೆ, ಹೇಗೆ ಹರಡುತ್ತದೆ, ಲಕ್ಷಣ ಕಾಣುವ ಮೊದಲೇ ಹರಡುತ್ತದೆಯೇ, ಮಣ್ಣಿನಲ್ಲೋ ದೇಹದಲ್ಲೋ ಎಷ್ಟು ಕಾಲ ಅಡಗಿರಬಲ್ಲದು ಎಂಬ ಸಂಗತಿಗಳೇ ಪ್ರತಿಯೊಂದು ಉಪಾಯದ ಆಯುಷ್ಯವನ್ನು ನಿರ್ಧರಿಸುತ್ತವೆ. ಈ ಲೇಖನದಲ್ಲಿ ಆಯ್ಕೆಗಳನ್ನು ಆ ದೃಷ್ಟಿಯಿಂದ ಪಕ್ಕಪಕ್ಕದಲ್ಲಿಟ್ಟು ನೋಡಲಾಗಿದೆ. ಯಾವ ಔಷಧಿ, ಎಷ್ಟು ಪ್ರಮಾಣ ಎಂಬುದನ್ನು ಪಶುವೈದ್ಯರೂ ಸಸ್ಯರೋಗ ತಜ್ಞರೂ ಹೇಳಬೇಕು. ಅವರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ಇದು ನೆರವಾಗಲಿ ಎಂಬುದು ನನ್ನ ಆಶಯ.

ಪರೀಕ್ಷೆಗಳಲ್ಲಿ ಯಾವುದು

ಉಪಾಯದ ಮಾತು ಬರುವುದು ರೋಗ ಯಾವುದೆಂದು ಗೊತ್ತಾದ ಮೇಲೆ. ನಿಂಬೆ ಜಾತಿಯ ಗಿಡಗಳ ಗ್ರೀನಿಂಗ್ ರೋಗದಲ್ಲಿ ಎಲೆಗಳು ಹಳದಿಯಾಗುವ ರೀತಿ ಸತುವಿನ ಕೊರತೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಕೊರತೆಯೆಂದು ತಿಳಿದು ಪೋಷಕಾಂಶ ಸಿಂಪಡಿಸುತ್ತಾ ಕುಳಿತರೆ, ಅಷ್ಟರಲ್ಲಿ ಸಿಲ್ಲಿಡ್ ಎಂಬ ಸಣ್ಣ ಕೀಟ ರೋಗದ ಬ್ಯಾಕ್ಟೀರಿಯಾವನ್ನು ತೋಟದ ಉಳಿದ ಮರಗಳಿಗೆ ಒಯ್ದಿರುತ್ತದೆ. ಹಸುವಿನ ಗರ್ಭಪಾತಕ್ಕೂ ಹೀಗೆಯೇ ಹಲವು ಕಾರಣಗಳಿರುತ್ತವೆ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕು ಅವುಗಳಲ್ಲಿ ಒಂದು ಮಾತ್ರ. ಆದರೆ ಅದು ಮನುಷ್ಯರಿಗೂ ತಗಲುವ ರೋಗವಾದ್ದರಿಂದ, ಊಹೆಯ ಮೇಲೆ ಮುಂದುವರಿಯುವುದು ಮನೆಯವರ ಆರೋಗ್ಯವನ್ನೇ ಪಣಕ್ಕಿಟ್ಟಂತೆ.

ಪ್ರಯೋಗಾಲಯದ ಪರೀಕ್ಷೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ರೋಗಾಣುವನ್ನು ಬೆಳೆಸಿ ಗುರುತಿಸುವ ಕಲ್ಚರ್ ವಿಧಾನ ಹಳೆಯದು, ನಿಧಾನವಾದದ್ದು. ಆದರೆ ಬ್ಯಾಕ್ಟೀರಿಯಾ ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ ಎಂಬುದನ್ನು ಅದರಷ್ಟು ನೇರವಾಗಿ ತೋರಿಸುವ ವಿಧಾನ ಇನ್ನೊಂದಿಲ್ಲ. 1971ರಿಂದ ಬಳಕೆಗೆ ಬಂದ ಎಲಿಸಾ ವಿಧಾನವು ರೋಗಾಣುವಿನ ಪ್ರೋಟೀನನ್ನಾಗಲಿ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನಾಗಲಿ ಗುರುತಿಸುತ್ತದೆ. ಒಂದೇ ತಟ್ಟೆಯಲ್ಲಿ ಹತ್ತಾರು ಮಾದರಿಗಳನ್ನು ಪರೀಕ್ಷಿಸಬಹುದಾದ್ದರಿಂದ ಇಡೀ ಹಿಂಡಿನ ಸ್ಥಿತಿ ತಿಳಿಯಲು ಇದು ಅನುಕೂಲ. 1980ರ ದಶಕದಲ್ಲಿ ರೂಪುಗೊಂಡ ಪಿಸಿಆರ್ ರೋಗಾಣುವಿನ ಆನುವಂಶಿಕ ವಸ್ತುವನ್ನೇ ಹಿಡಿಯುತ್ತದೆ. ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾದಂತೆ ಪ್ರಯೋಗಾಲಯದಲ್ಲಿ ಬೆಳೆಸಲು ಸುಲಭವಾಗಿ ಒಗ್ಗದ ಜೀವಿಗಳ ವಿಷಯದಲ್ಲಿ ಇದೇ ಮುಖ್ಯ ಆಧಾರ. ಹೊಲದಲ್ಲೇ ನೋಡಬಹುದಾದ ಪಟ್ಟಿ ಪರೀಕ್ಷೆಗಳು ಎಲಿಸಾ ತತ್ವದ ಸರಳ ರೂಪಗಳು. ನಿಮಿಷಗಳಲ್ಲಿ ಉತ್ತರ ಕೊಡುವುದು ಅವುಗಳ ಗುಣವಾದರೆ, ರೋಗಾಣು ಕಡಿಮೆಯಿದ್ದಾಗ ತಪ್ಪಿಸಿಕೊಳ್ಳುವುದು ಅವುಗಳ ದೋಷ.

ಇಲ್ಲಿ ಗಮನಿಸಬೇಕಾದ ಒಂದು ಭೇದವಿದೆ. ಪ್ರತಿಕಾಯ ಪರೀಕ್ಷೆಯು ಪ್ರಾಣಿಗೆ ಹಿಂದೆ ಎಂದಾದರೂ ಸೋಂಕು ತಗುಲಿತ್ತೇ ಎಂಬ ಪ್ರಶ್ನೆಗೆ ಉತ್ತರಿಸುತ್ತದೆ. ಪಿಸಿಆರ್ ಈ ಮಾದರಿಯಲ್ಲಿ ಈಗ ರೋಗಾಣುವಿನ ಕುರುಹು ಇದೆಯೇ ಎಂಬ ಪ್ರಶ್ನೆಗೆ. ಲಸಿಕೆ ಹಾಕಿಸಿಕೊಂಡ ಹಸುವಿನಲ್ಲಿ ಪ್ರತಿಕಾಯ ಇರುವುದು ಸಹಜ. ನಿನ್ನೆಯಷ್ಟೇ ಸೋಂಕು ತಗುಲಿದ ಹಸುವಿನಲ್ಲಿ ಪ್ರತಿಕಾಯ ಇಲ್ಲದಿರುವುದೂ ಸಹಜ. ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಸ್ಪಷ್ಟಪಡಿಸಿಕೊಳ್ಳದೆ ಪರೀಕ್ಷೆ ಮಾಡಿಸಿದರೆ, ಸರಿಯಾದ ಫಲಿತಾಂಶದಿಂದಲೂ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಇನ್ನೊಂದು ಸಂಗತಿ ಲೆಕ್ಕಕ್ಕೆ ಸೇರಿದ್ದು, ಮತ್ತು ಇದನ್ನು ಕಡೆಗಣಿಸಿದರೆ ಆರೋಗ್ಯವಂತ ಪ್ರಾಣಿಗಳು ಸುಮ್ಮನೆ ಬಲಿಯಾಗುವ ಅಪಾಯವಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ರೋಗವಿರುವ 100 ಪ್ರಾಣಿಗಳಲ್ಲಿ 95ನ್ನು ಹಿಡಿಯುವ, ರೋಗವಿಲ್ಲದ 100ರಲ್ಲಿ 95ನ್ನು ಸರಿಯಾಗಿ ಬಿಟ್ಟುಬಿಡುವ ಪರೀಕ್ಷೆಯೊಂದಿದೆ ಎಂದಿಟ್ಟುಕೊಳ್ಳೋಣ. ಶೇಕಡಾ 1ರಷ್ಟು ಮಾತ್ರ ಸೋಂಕಿರುವ 10,000 ಪ್ರಾಣಿಗಳ ಮೇಲೆ ಇದನ್ನು ಬಳಸಿದರೆ, ಸೋಂಕಿತ 100ರಲ್ಲಿ 95 ಸಿಕ್ಕಿಬೀಳುತ್ತವೆ; ಜೊತೆಗೆ ಆರೋಗ್ಯವಾಗಿರುವ 9,900ರಲ್ಲಿ 495 ಕೂಡ ಪಾಸಿಟಿವ್ ಎಂದು ಬರುತ್ತವೆ. ಅಂದರೆ ಪಾಸಿಟಿವ್ ಬಂದ 590ರಲ್ಲಿ ನಿಜವಾಗಿ ಸೋಂಕಿರುವುದು ಆರರಲ್ಲಿ ಒಂದಕ್ಕೆ ಮಾತ್ರ. ಅದೇ ಪರೀಕ್ಷೆಯನ್ನು ಅರ್ಧದಷ್ಟು ಪ್ರಾಣಿಗಳಿಗೆ ಸೋಂಕಿರುವ ಹಿಂಡಿನಲ್ಲಿ ಬಳಸಿದರೆ 100 ಪಾಸಿಟಿವ್‌ಗಳಲ್ಲಿ 95 ನಿಜವಾಗಿರುತ್ತವೆ. ಆದ್ದರಿಂದ ರೋಗ ವಿರಳವಾಗಿರುವೆಡೆ ಮೊದಲು ಅಗ್ಗದ, ಯಾವುದನ್ನೂ ಬಿಡದ ಪರೀಕ್ಷೆ ಮಾಡಿ, ಅದರಲ್ಲಿ ಪಾಸಿಟಿವ್ ಬಂದವುಗಳಿಗೆ ಮಾತ್ರ ಇನ್ನೊಂದು ತತ್ವದ ಮೇಲೆ ನಡೆಯುವ ಖಚಿತ ಪರೀಕ್ಷೆ ಮಾಡುವುದೇ ಸರಿಯಾದ ಕ್ರಮ. ಒಂದೇ ಪರೀಕ್ಷೆಯ ಆಧಾರದ ಮೇಲೆ ಪ್ರಾಣಿಯನ್ನು ಹಿಂಡಿನಿಂದ ತೆಗೆಯುವ ಸಲಹೆ ಬಂದರೆ, ಎರಡನೆಯ ಪರೀಕ್ಷೆಯನ್ನು ಕೇಳುವ ಹಕ್ಕು ಸಾಕಿದವರಿಗಿದೆ.

ಲಸಿಕೆ: ಎಲ್ಲಿ ಪೂರ್ತಿ ಗೆಲ್ಲುತ್ತದೆ, ಎಲ್ಲಿ ಅರ್ಧ

ಜಾನುವಾರುಗಳ ರೋಗಗಳಲ್ಲಿ ಲಸಿಕೆಯ ಶಕ್ತಿಗೂ ಮಿತಿಗೂ ದೊಡ್ಡರೋಗ (ರಿಂಡರ್‌ಪೆಸ್ಟ್) ಮತ್ತು ಕಾಲುಬಾಯಿ ರೋಗಗಳಿಗಿಂತ ಸ್ಪಷ್ಟವಾದ ಜೋಡಿ ಇಲ್ಲ. ಎರಡೂ ವೈರಸ್‌ನಿಂದ ಬರುವಂಥವು, ಎರಡೂ ವೇಗವಾಗಿ ಹರಡುವಂಥವು. ಆದರೆ 2011ರಲ್ಲಿ ದೊಡ್ಡರೋಗ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು, ಕಾಲುಬಾಯಿ ರೋಗ ಇಂದಿಗೂ ಹಲವು ಖಂಡಗಳಲ್ಲಿ ಉಳಿದಿದೆ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ವೈರಸ್‌ಗಳ ಸ್ವಭಾವವೇ.

ದೊಡ್ಡರೋಗದ ವೈರಸ್ ಲಸಿಕೆಯ ದೃಷ್ಟಿಯಿಂದ ಒಂದೇ ಬಗೆಯದು. ವಾಲ್ಟರ್ ಪ್ಲೋರೈಟ್ ಮತ್ತು ಸಹೋದ್ಯೋಗಿಗಳು ಕೀನ್ಯಾದಲ್ಲಿ ಜೀವಕೋಶಗಳ ಕೃಷಿಯಲ್ಲಿ ಅದನ್ನು ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿ ತಯಾರಿಸಿದ ಲಸಿಕೆಯ ಒಂದು ಚುಚ್ಚುಮದ್ದು ಎಲ್ಲ ಪ್ರಭೇದಗಳಿಂದಲೂ ಬಹುಪಾಲು ಜೀವಮಾನವಿಡೀ ರಕ್ಷಣೆ ಕೊಟ್ಟಿತು. ಚೇತರಿಸಿಕೊಂಡ ಪ್ರಾಣಿ ವೈರಸ್ಸನ್ನು ಹೊತ್ತು ತಿರುಗುತ್ತಿರಲಿಲ್ಲ, ವೈರಸ್ ಹೊರಗಿನ ವಾತಾವರಣದಲ್ಲಿ ಬಹುಕಾಲ ಬದುಕುತ್ತಿರಲಿಲ್ಲ. ಉಳಿದ ಒಂದು ತೊಡಕೆಂದರೆ ಲಸಿಕೆಗೆ ಬೇಕಾದ ತಂಪು. ಮುಂದೆ ಶಾಖ ತಡೆಯುವಂತೆ ಲಸಿಕೆಯನ್ನು ಒಣಗಿಸುವ ವಿಧಾನ ಬಂದಾಗ, ವಿದ್ಯುತ್ತೂ ರಸ್ತೆಯೂ ಇಲ್ಲದ ಹುಲ್ಲುಗಾವಲುಗಳಿಗೆ ಅದನ್ನು ಪಶುಪಾಲಕರೇ ಹೊತ್ತೊಯ್ಯಲು ಸಾಧ್ಯವಾಯಿತು. ಪ್ಲೋರೈಟ್ ಅವರಿಗೆ 1999ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಂದದ್ದು ಈ ಕೆಲಸಕ್ಕಾಗಿಯೇ.

ಕಾಲುಬಾಯಿ ರೋಗದ ವೈರಸ್‌ನಲ್ಲಿ ಏಳು ಸೀರೋಟೈಪ್‌ಗಳಿವೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಗೆ ಬೇರೆ ಬೇರೆಯಾಗಿ ಕಾಣುವ ಬಗೆಗಳಿವೆ. ಒಂದರ ವಿರುದ್ಧದ ಲಸಿಕೆ ಇನ್ನೊಂದರಿಂದ ರಕ್ಷಿಸುವುದಿಲ್ಲ. ಒಂದೇ ಸೀರೋಟೈಪ್‌ನ ಒಳಗೂ ಹೊಸ ರೂಪಗಳು ಹುಟ್ಟಿಕೊಂಡು ಹಳೆಯ ಲಸಿಕೆಯನ್ನು ದುರ್ಬಲಗೊಳಿಸುತ್ತವೆ. ಬಳಕೆಯಲ್ಲಿರುವ ನಿಷ್ಕ್ರಿಯ (ಕೊಂದ ವೈರಸ್‌ನ) ಲಸಿಕೆಗಳ ರಕ್ಷಣೆ ತಿಂಗಳುಗಳ ಲೆಕ್ಕದಲ್ಲಿರುವುದರಿಂದ ಮತ್ತೆ ಮತ್ತೆ ಹಾಕಿಸಬೇಕಾಗುತ್ತದೆ. ಜೊತೆಗೆ ಚೇತರಿಸಿಕೊಂಡ ಕೆಲವು ದನಗಳ ಗಂಟಲಿನಲ್ಲಿ ವೈರಸ್ ಬಹುಕಾಲ ಉಳಿಯುತ್ತದೆ. ಹೀಗಿರುವಾಗ ಈ ರೋಗಕ್ಕೆ ಲಸಿಕೆಯನ್ನು ಆರಿಸುವವರು ಕೇಳಬೇಕಾದ ಪ್ರಶ್ನೆಗಳೇ ಬೇರೆ: ಈಗ ಸುತ್ತಮುತ್ತ ಓಡಾಡುತ್ತಿರುವ ರೂಪಕ್ಕೆ ಈ ಲಸಿಕೆ ಹೊಂದುತ್ತದೆಯೇ, ಮುಂದಿನ ಚುಚ್ಚುಮದ್ದು ಯಾವಾಗ, ಸುತ್ತಲಿನ ಹಿಂಡುಗಳಿಗೂ ಅದೇ ಅವಧಿಯಲ್ಲಿ ಹಾಕಿಸುತ್ತಿದ್ದಾರೆಯೇ. ಒಬ್ಬರ ಕೊಟ್ಟಿಗೆಗೆ ಮಾತ್ರ ಹಾಕಿಸಿದ ಕಾಲುಬಾಯಿ ಲಸಿಕೆ ಆ ಕೊಟ್ಟಿಗೆಗೆ ಒಂದಿಷ್ಟು ನೆರವಾದೀತು, ರೋಗದ ಓಟವನ್ನು ನಿಲ್ಲಿಸಲಾರದು.

ಲಸಿಕೆ ರೋಗವನ್ನು ತಡೆಯುವುದು ಬೇರೆ, ಸೋಂಕು ಹರಡುವುದನ್ನು ತಡೆಯುವುದು ಬೇರೆ. ಕೋಳಿಗಳ ಮಾರೆಕ್ ರೋಗದಲ್ಲಿ ಇದು ಬಹಳ ನಿಚ್ಚಳವಾಗಿ ಕಾಣುತ್ತದೆ. ಸುಮಾರು 1970ರಿಂದ ಬಳಕೆಗೆ ಬಂದ ಲಸಿಕೆಗಳು ಗಡ್ಡೆಗಳನ್ನೂ ಸಾವನ್ನೂ ತಡೆದು ಕೋಳಿ ಸಾಕಣೆಯನ್ನು ಉಳಿಸಿದವು. ಆದರೆ ಲಸಿಕೆ ಪಡೆದ ಕೋಳಿಯೂ ವೈರಸ್ಸನ್ನು ಹೊರಸೂಸುತ್ತಲೇ ಇರುತ್ತದೆ. 2015ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಅತ್ಯಂತ ಮಾರಕ ತಳಿಯ ವೈರಸ್ ಲಸಿಕೆಯಿಲ್ಲದ ಕೋಳಿಗಳನ್ನು ಹರಡುವ ಮೊದಲೇ ಕೊಂದುಬಿಡುತ್ತಿತ್ತು, ಲಸಿಕೆ ಪಡೆದ ಕೋಳಿಗಳಲ್ಲಿ ಮಾತ್ರ ವಾರಗಟ್ಟಲೆ ಉಳಿದು ಇತರ ಕೋಳಿಗಳಿಗೆ ದಾಟುತ್ತಿತ್ತು. ಇದನ್ನು ಓದಿ ಲಸಿಕೆ ಬೇಡ ಎಂದುಕೊಳ್ಳುವುದು ದೊಡ್ಡ ತಪ್ಪಾಗುತ್ತದೆ, ಏಕೆಂದರೆ ಅಂಥ ವೈರಸ್ ಇರುವೆಡೆ ಲಸಿಕೆಯಿಲ್ಲದ ಕೋಳಿಗೆ ಉಳಿಗಾಲವೇ ಇಲ್ಲ. ತಿಳಿಯಬೇಕಾದದ್ದು ಇಷ್ಟು: ಹರಡುವಿಕೆಯನ್ನು ತಡೆಯದ ಲಸಿಕೆಯನ್ನು ಆರಿಸಿಕೊಂಡವರು ಶುಚಿತ್ವ, ಒಂದು ತಂಡ ಪೂರ್ತಿ ಖಾಲಿಯಾದ ಮೇಲೆ ಇನ್ನೊಂದನ್ನು ತುಂಬುವ ಪದ್ಧತಿ, ಹೊಸ ಮರಿಗಳನ್ನು ಹಳೆಯ ಕೋಳಿಗಳಿಂದ ದೂರ ಇಡುವುದು, ಇವುಗಳಲ್ಲಿ ಯಾವುದನ್ನೂ ಕೈಬಿಡುವಂತಿಲ್ಲ.

ಜೀವಂತ ಲಸಿಕೆ ಮತ್ತು ನಿಷ್ಕ್ರಿಯ ಲಸಿಕೆಗಳ ನಡುವಿನ ಆಯ್ಕೆಯೂ ಇದೇ ಬಗೆಯ ವಿವೇಚನೆ ಬೇಡುತ್ತದೆ. ದುರ್ಬಲಗೊಳಿಸಿದ ಜೀವಂತ ರೋಗಾಣು ಗಾಢವಾದ, ದೀರ್ಘವಾದ ರಕ್ಷಣೆ ಕೊಡುತ್ತದೆ. ಆದರೆ ತಂಪು ಬೇಡುತ್ತದೆ, ಗಬ್ಬದ ಪ್ರಾಣಿಗಳಿಗೆ ಕೆಲವೊಮ್ಮೆ ಸಲ್ಲದು. ಬ್ರುಸೆಲ್ಲಾದ ಎಸ್-19 ಲಸಿಕೆಯನ್ನು ಹೆಣ್ಣು ಕರುಗಳಿಗೆ ಎಳೆಯ ವಯಸ್ಸಿನಲ್ಲೇ ಹಾಕುವುದಕ್ಕೆ ಎರಡು ಕಾರಣಗಳಿವೆ: ಗಬ್ಬದ ಹಸುವಿಗೆ ಕೊಟ್ಟರೆ ಅದೇ ಗರ್ಭಪಾತಕ್ಕೆ ದಾರಿಯಾಗಬಹುದು, ದೊಡ್ಡ ಹಸುವಿಗೆ ಕೊಟ್ಟರೆ ಅದರ ಪ್ರತಿಕಾಯಗಳು ಬಹುಕಾಲ ಉಳಿದು ಮುಂದಿನ ಪರೀಕ್ಷೆಗಳಲ್ಲಿ ಗೊಂದಲ ಹುಟ್ಟಿಸುತ್ತವೆ. ಹಾಕುವವರು ತಮಗೆ ಸೂಜಿ ಚುಚ್ಚಿಕೊಳ್ಳದಂತೆ ಎಚ್ಚರ ವಹಿಸಬೇಕು, ಏಕೆಂದರೆ ಈ ಲಸಿಕೆಯ ಬ್ಯಾಕ್ಟೀರಿಯಾ ಮನುಷ್ಯರಿಗೂ ಸೋಂಕು ತರಬಲ್ಲದು. ಲಸಿಕೆಯ ಪ್ರತಿಕಾಯವನ್ನು ಸೋಂಕಿನ ಪ್ರತಿಕಾಯದಿಂದ ಬೇರ್ಪಡಿಸುವ ಲಸಿಕೆ-ಪರೀಕ್ಷೆಗಳ ಜೋಡಿಯನ್ನು ಡೀವಾ ಎನ್ನುತ್ತಾರೆ. ಹಂದಿಗಳ ಔಜೆಸ್ಕಿ ರೋಗದಲ್ಲಿ ವೈರಸ್‌ನ ಒಂದು ಪ್ರೋಟೀನನ್ನು ತೆಗೆದು ಲಸಿಕೆ ಮಾಡಿ, ಆ ಪ್ರೋಟೀನಿನ ಪ್ರತಿಕಾಯ ಇರುವ ಹಂದಿಗೆ ಮಾತ್ರ ನಿಜವಾದ ಸೋಂಕು ತಗುಲಿದೆ ಎಂದು ಗುರುತಿಸಿ, ಹಲವು ದೇಶಗಳು ಸಾಕುಹಂದಿಗಳಿಂದ ರೋಗವನ್ನೇ ಹೊರಹಾಕಿದವು. ರೋಗ ನಿರ್ಮೂಲನೆಯ ಗುರಿಯಿದ್ದು ಡೀವಾ ಲಸಿಕೆಯೂ ಸಾಮಾನ್ಯ ಲಸಿಕೆಯೂ ಲಭ್ಯವಿದ್ದರೆ, ಡೀವಾ ಲಸಿಕೆಗೇ ನನ್ನ ಮತ.

ಆಂಟಿಬಯೋಟಿಕ್ ಮತ್ತು ಜಂತುನಾಶಕ: ಯಾರಿಗೆ ಕೊಡಬೇಕು, ಯಾರಿಗೆ ಬೇಡ

ಔಷಧಿ ಒಂದು ಪ್ರಾಣಿಯ ನೋವನ್ನು ಕೂಡಲೇ ತಗ್ಗಿಸುತ್ತದೆ. ಆ ಮಟ್ಟಿಗೆ ಅದಕ್ಕೆ ಬದಲಿ ಇಲ್ಲ. ತೊಂದರೆ ಆರಂಭವಾಗುವುದು ಅದನ್ನು ಎಲ್ಲ ಪ್ರಾಣಿಗಳಿಗೂ, ರೋಗವಿಲ್ಲದಾಗಲೂ ಕೊಡತೊಡಗಿದಾಗ. ಬೆಳವಣಿಗೆ ಹೆಚ್ಚಿಸಲೆಂದು ಮೇವಿನಲ್ಲಿ ಆಂಟಿಬಯೋಟಿಕ್ ಬೆರೆಸುವುದನ್ನು ಸ್ವೀಡನ್ 1986ರಲ್ಲೇ ನಿಲ್ಲಿಸಿತು, ಐರೋಪ್ಯ ಒಕ್ಕೂಟ 2006ರ ಆರಂಭದಿಂದ ಪೂರ್ತಿಯಾಗಿ ನಿಷೇಧಿಸಿತು. ನಾರ್ವೆಯ ಸಾಲ್ಮನ್ ಮೀನು ಸಾಕಣೆ ಇದಕ್ಕಿಂತ ದೊಡ್ಡ ನಿದರ್ಶನ. ಅಲ್ಲಿ 1987ರಲ್ಲಿ 50 ಟನ್‌ಗೆ ಸಮೀಪದಷ್ಟು ಆಂಟಿಬಯೋಟಿಕ್ ಬಳಕೆಯಾಗುತ್ತಿತ್ತು. ಬ್ಯಾಕ್ಟೀರಿಯಾ ರೋಗಗಳಿಗೆ ಒಳ್ಳೆಯ ಚುಚ್ಚುಮದ್ದು ಲಸಿಕೆಗಳು ಬಂದ ಮೇಲೆ, ಉತ್ಪಾದನೆ ಹಲವು ಪಟ್ಟು ಏರಿದರೂ, ಬಳಕೆ ಒಂದೆರಡು ಟನ್‌ಗೂ ಕೆಳಗಿಳಿಯಿತು. ಲಸಿಕೆ ಮತ್ತು ಆಂಟಿಬಯೋಟಿಕ್ ಎರಡೂ ಲಭ್ಯವಿರುವ ಬ್ಯಾಕ್ಟೀರಿಯಾ ರೋಗದಲ್ಲಿ ಮೊದಲ ಆಯ್ಕೆ ಯಾವುದಾಗಬೇಕೆಂಬುದಕ್ಕೆ ಇಷ್ಟು ಸಾಕ್ಷ್ಯ ಸಾಕು.

ಕೆಚ್ಚಲು ಬಾವಿಗೆ ಅಂಥ ಸುಲಭದ ಲಸಿಕೆ ಇಲ್ಲ, ಏಕೆಂದರೆ ಅದನ್ನು ತರುವ ರೋಗಾಣುಗಳು ಹಲವು. ಹಿಂದೆ ಹಾಲು ಬತ್ತಿಸುವಾಗ ಎಲ್ಲ ಹಸುಗಳ ಎಲ್ಲ ತೊಟ್ಟುಗಳಿಗೂ ಆಂಟಿಬಯೋಟಿಕ್ ತುಂಬುವುದು ಬಹಳ ಕಡೆ ವಾಡಿಕೆಯಾಗಿತ್ತು. ಈಗ ಹಾಲಿನ ಸೊಮ್ಯಾಟಿಕ್ ಕೋಶಗಳ (ಸೋಂಕಾದಾಗ ಹಾಲಿನಲ್ಲಿ ಹೆಚ್ಚುವ ಹಸುವಿನ ದೇಹದ ಕೋಶಗಳ) ಎಣಿಕೆ ನೋಡಿ, ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ ಎರಡು ಲಕ್ಷವನ್ನು ಗಡಿಯಾಗಿಟ್ಟುಕೊಂಡು, ಅಥವಾ ಹಾಲನ್ನು ಕಲ್ಚರ್ ಮಾಡಿಸಿ, ಸೋಂಕಿರುವ ಹಸುವಿಗೆ ಮಾತ್ರ ಆಂಟಿಬಯೋಟಿಕ್ ಕೊಟ್ಟು, ಉಳಿದವುಗಳ ತೊಟ್ಟಿನ ದ್ವಾರವನ್ನು ಔಷಧಿಯಿಲ್ಲದ ಮುಚ್ಚುಲೇಪದಿಂದ ಕಾಯುವ ವಿಧಾನ ಬೆಳೆದಿದೆ. ಹಾಲಿನ ದಾಖಲೆ ಕ್ರಮವಾಗಿದ್ದು, ಕೊಟ್ಟಿಗೆ ಒಣಗಿದ್ದು, ತೊಟ್ಟನ್ನು ಶುಚಿಯಾಗಿ ಒರೆಸಿ ಲೇಪ ತುಂಬುವ ಶಿಸ್ತಿದ್ದರೆ ಈ ಎರಡನೆಯದೇ ಉತ್ತಮ. ದಾಖಲೆಯೂ ಪರೀಕ್ಷೆಯೂ ಇಲ್ಲದ ಕಡೆ ಆಯ್ದು ಕೊಡುವುದೆಂದರೆ ಕುರುಡು ಆಯ್ಕೆ. ಅಲ್ಲಿ ಮೊದಲು ದಾಖಲೆ ಆರಂಭವಾಗಬೇಕು.

ಕುರಿ ಮೇಕೆಗಳ ಜಂತುಹುಳುವಿನ ವಿಷಯದಲ್ಲಿ ಸಂಶೋಧನೆ ಹೇಳುವ ಮಾತು ಮೊದಲ ನೋಟಕ್ಕೆ ವಿಚಿತ್ರವೆನಿಸುತ್ತದೆ: ಕೆಲವು ಪ್ರಾಣಿಗಳಿಗೆ ಔಷಧಿ ಕೊಡದೆ ಬಿಡಿ. ಹಿಂಡಿಗೆಲ್ಲ ಒಮ್ಮೆಗೇ ಕೊಟ್ಟರೆ ಉಳಿಯುವುದು ಔಷಧಿಗೆ ಬಗ್ಗದ ಹುಳುಗಳು ಮಾತ್ರ. ಮುಂದಿನ ಪೀಳಿಗೆ ಪೂರ್ತಿ ಅವುಗಳದ್ದೇ ಆಗುತ್ತದೆ. ಔಷಧಿ ಕಾಣದ ಹುಳುಗಳು ಒಂದಿಷ್ಟು ಉಳಿದಿದ್ದರೆ ನಿರೋಧಕ ಹುಳುಗಳು ಅವುಗಳ ನಡುವೆ ಬೆರೆತು ವಿರಳವಾಗುತ್ತವೆ. ರಕ್ತ ಹೀರುವ ಹೀಮಾಂಕಸ್ ಹುಳು ಪ್ರಬಲವಾಗಿರುವೆಡೆ, ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದ ಫಮಾಚಾ ಪಟ್ಟಿಯಿಂದ ಕಣ್ಣಿನ ಒಳರೆಪ್ಪೆಯ ಬಣ್ಣವನ್ನು ಐದು ಹಂತಗಳಲ್ಲಿ ಅಳೆದು, ರಕ್ತಹೀನತೆ ಕಂಡ ಪ್ರಾಣಿಗೆ ಮಾತ್ರ ಔಷಧಿ ಕೊಡಬಹುದು. ರಕ್ತ ಹೀರದ ಜಂತುಗಳು ಹೆಚ್ಚಿರುವೆಡೆ ಈ ಪಟ್ಟಿ ನೆರವಾಗದು; ಅಲ್ಲಿ ಹಿಕ್ಕೆಯಲ್ಲಿನ ಮೊಟ್ಟೆ ಎಣಿಸುವುದೇ ದಾರಿ. ಔಷಧಿ ಕೊಟ್ಟು ಸುಮಾರು ಎರಡು ವಾರಗಳ ನಂತರವೂ ಮೊಟ್ಟೆಗಳ ಸಂಖ್ಯೆ ಶೇಕಡಾ 95ರಷ್ಟು ಇಳಿಯದಿದ್ದರೆ, ಹುಳುಗಳು ಆ ಔಷಧಿಗೆ ನಿರೋಧ ಬೆಳೆಸಿಕೊಂಡಿವೆ ಎಂದು ಅನುಮಾನಿಸಬೇಕು.

ನಿರೋಧಕ ತಳಿಗಳು: ಬಲಕ್ಕಿಂತ ಬಾಳಿಕೆ

ಬೆಳೆಯ ರೋಗಗಳಲ್ಲಿ ಲಸಿಕೆಯ ಸ್ಥಾನ ನಿರೋಧಕ ತಳಿಯದ್ದು. ಬೀಜದಲ್ಲೇ ರಕ್ಷಣೆಯಿರುವುದರಿಂದ ಇದಕ್ಕಿಂತ ಸುಲಭವಾದ ಉಪಾಯ ಬೆಳೆಗಾರರಿಗೆ ಇನ್ನೊಂದಿಲ್ಲ. ಆದರೆ ಎಲ್ಲ ನಿರೋಧವೂ ಒಂದೇ ಬಗೆಯದಲ್ಲ, ಮತ್ತು ತಳಿಯ ಹೆಸರಿನ ಮುಂದೆ ನಿರೋಧಕ ಎಂದು ಬರೆದಿರುವುದು ಈ ವ್ಯತ್ಯಾಸವನ್ನು ತಿಳಿಸುವುದಿಲ್ಲ.

ಒಂದೇ ಪ್ರಬಲ ಜೀನ್‌ನಿಂದ ಬರುವ ನಿರೋಧ ನೋಡಲು ಅದ್ಭುತ: ಎಲೆಯ ಮೇಲೆ ಒಂದು ಚುಕ್ಕೆಯೂ ಇರುವುದಿಲ್ಲ. ರೋಗಾಣು ತನ್ನ ಒಂದು ಗುರುತನ್ನು ಬದಲಿಸಿಕೊಂಡ ದಿನ ಆ ರಕ್ಷಣೆ ಒಮ್ಮೆಗೇ ಬಿದ್ದುಹೋಗುತ್ತದೆ. ರೈ ಧಾನ್ಯದಿಂದ ಗೋಧಿಗೆ ಬಂದ ಎಸ್‌ಆರ್-31 ಎಂಬ ಜೀನ್ ಕಾಂಡದ ತುಕ್ಕು ರೋಗವನ್ನು ದಶಕಗಳ ಕಾಲ ತಡೆದು, ಲೋಕದ ಅಸಂಖ್ಯ ಗೋಧಿ ತಳಿಗಳನ್ನು ಸೇರಿತ್ತು. 1998ರಲ್ಲಿ ಉಗಾಂಡಾದಲ್ಲಿ ಅದನ್ನು ಮೀರಿದ ತುಕ್ಕು ಕಾಣಿಸಿಕೊಂಡು, ಯುಜಿ-99 ಎಂಬ ಹೆಸರಿನಲ್ಲಿ ಗೋಧಿ ವಿಜ್ಞಾನಿಗಳ ನಿದ್ದೆಗೆಡಿಸಿತು. ಇದಕ್ಕೆ ಪಕ್ಕದಲ್ಲಿಟ್ಟು ನೋಡಬೇಕಾದದ್ದು ಎಲ್‌ಆರ್-34ನಂಥ ಜೀನ್‌ಗಳನ್ನು. ಇವು ತುಕ್ಕನ್ನು ಪೂರ್ತಿ ತಡೆಯುವುದಿಲ್ಲ. ಬೆಳೆದ ಗಿಡದಲ್ಲಿ ಅದರ ವೇಗವನ್ನು ತಗ್ಗಿಸುತ್ತವೆ, ಅಷ್ಟೆ. ಎಲೆಯ ಮೇಲೆ ಒಂದಿಷ್ಟು ತುಕ್ಕು ಕಂಡೇ ಕಾಣುತ್ತದೆ, ಆದರೆ ಹಲವು ದಶಕಗಳ ವ್ಯಾಪಕ ಬಳಕೆಯ ನಂತರವೂ ಅವು ಕೈಕೊಟ್ಟಿಲ್ಲ. ಇಂಥ ನಾಲ್ಕೈದು ಜೀನ್‌ಗಳು ಒಂದೇ ತಳಿಯಲ್ಲಿ ಕೂಡಿದಾಗ ರೋಗ ಇಳುವರಿಗೆ ತಟ್ಟದಷ್ಟು ಕುಗ್ಗುತ್ತದೆ. ಹೊಲದಲ್ಲಿ ನಿಂತು ಎರಡು ತಳಿಗಳನ್ನು ಹೋಲಿಸುವವರಿಗೆ ಒಂದೂ ಚುಕ್ಕೆಯಿಲ್ಲದ ತಳಿಯೇ ಆಕರ್ಷಕವಾಗಿ ಕಾಣುವುದು ಸಹಜ. ಹತ್ತು ವರ್ಷ ಬಾಳಬೇಕಾದ ಆಯ್ಕೆಯಾದರೆ, ಸ್ವಲ್ಪ ಚುಕ್ಕೆಯಿದ್ದೂ ಕಾಳು ತುಂಬುವ ತಳಿಯನ್ನು ನಾನು ಮುಂದಿಡುತ್ತೇನೆ.

ತಳಿಯ ಗುಣದಷ್ಟೇ ಮುಖ್ಯವಾದದ್ದು ಅದು ಎಷ್ಟು ವಿಸ್ತಾರಕ್ಕೆ ಹಬ್ಬಿದೆ ಎಂಬುದು. ಅಮೆರಿಕದಲ್ಲಿ 1970ರ ಹೊತ್ತಿಗೆ ಹೈಬ್ರಿಡ್ ಮೆಕ್ಕೆಜೋಳದ ಬಹುಭಾಗ, ಬೀಜೋತ್ಪಾದನೆಗೆ ಅನುಕೂಲವೆಂದು, ಗಿಡ ಫಲವತ್ತಾದ ಪರಾಗ ಕೊಡದಂತೆ ಮಾಡುವ ಟೆಕ್ಸಾಸ್ ಗಂಡುಬಂಜೆ ಕೋಶದ್ರವ್ಯವನ್ನು ಹೊಂದಿತ್ತು. ಅದೇ ಗುಣವನ್ನು ಗುರಿಯಾಗಿಸುವ ಎಲೆ ಅಂಗಮಾರಿ ಶಿಲೀಂಧ್ರದ ಹೊಸ ಪ್ರಭೇದ ಆ ವರ್ಷ ದೇಶದ ಬೆಳೆಯಲ್ಲಿ ಸುಮಾರು ಶೇಕಡಾ 15ರಷ್ಟನ್ನು ತಿಂದುಹಾಕಿತು. ಬಾಳೆಯಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇಂದಿಗೂ ತೂಗುತ್ತಿದೆ. ಪನಾಮಾ ಸೊರಗು ರೋಗಕ್ಕೆ ಗ್ರೋಸ್ ಮಿಶೆಲ್ ತಳಿ ಬಲಿಯಾದಾಗ ರಫ್ತು ತೋಟಗಳು ಕ್ಯಾವೆಂಡಿಷ್ ಗುಂಪಿಗೆ ಹೊರಳಿದವು; ಈಗ ಅದೇ ರೋಗದ ಶಿಲೀಂಧ್ರದ ಟಿಆರ್-4 ಎಂಬ ಪ್ರಭೇದ ಕ್ಯಾವೆಂಡಿಷ್‌ಗೂ ತಗಲುತ್ತಿದೆ. ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುವ ಈ ಶಿಲೀಂಧ್ರವನ್ನು ತೋಟದಲ್ಲಿ ಗುಣಪಡಿಸುವ ಸಿಂಪರಣೆ ಇಲ್ಲ. ಅದು ಬರುವ ಮುನ್ನ ತೋಟದ ಗಡಿಯಲ್ಲಿ ಮಣ್ಣು, ಉಪಕರಣ, ಪಾದರಕ್ಷೆ, ಕಂದುಗಳ ಓಡಾಟವನ್ನು ತಡೆಯುವುದು, ಅಂಗಾಂಶ ಕೃಷಿಯ ಶುದ್ಧ ಸಸಿಗಳನ್ನೇ ನೆಡುವುದು, ಇಂಥವೇ ಸದ್ಯದ ಆಯ್ಕೆಗಳು.

ತಳಿ ಸಂಕರದಿಂದ ನಿರೋಧ ಸಿಗದಿದ್ದೆಡೆ ಜೀನ್ ತಂತ್ರಜ್ಞಾನ ನೆರವಾದದ್ದಿದೆ. ಹವಾಯಿಯಲ್ಲಿ ಉಂಗುರ ಚುಕ್ಕೆ ವೈರಸ್ ಪಪ್ಪಾಯಿ ತೋಟಗಳನ್ನು ನಾಶಮಾಡುತ್ತಿದ್ದಾಗ, ಡೆನ್ನಿಸ್ ಗೊನ್ಸಾಲ್ವೆಸ್ ಮತ್ತು ಸಂಗಡಿಗರು ಆ ವೈರಸ್‌ನದ್ದೇ ಹೊದಿಕೆ ಪ್ರೋಟೀನಿನ ಜೀನನ್ನು ಗಿಡಕ್ಕೆ ಸೇರಿಸಿ ರೂಪಿಸಿದ ತಳಿಗಳು 1998ರಲ್ಲಿ ಬೆಳೆಗಾರರ ಕೈ ಸೇರಿದವು, ಬೆಳೆ ಉಳಿಯಿತು. ಆ ನಿರೋಧ ಅಲ್ಲಿನ ವೈರಸ್ ರೂಪಕ್ಕೆ ಹೊಂದಿದ್ದಾಗಿದ್ದರಿಂದ, ಬೇರೆ ಪ್ರದೇಶದ ವೈರಸ್‌ಗೆ ಅದೇ ತಳಿ ನಡೆಯುತ್ತದೆಂದು ಭಾವಿಸುವಂತಿಲ್ಲ. ಕಾಲುಬಾಯಿ ಲಸಿಕೆಗೆ ಕೇಳಿದ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕಾಗುತ್ತದೆ.

ಸಿಂಪರಣೆ, ಮಿತ್ರಜೀವಿಗಳು, ಶುದ್ಧ ನಾಟಿ ಸಾಮಗ್ರಿ

ಶಿಲೀಂಧ್ರನಾಶಕಗಳಲ್ಲಿ ಹಳೆಯವು ರೋಗಾಣುವಿನ ಹಲವು ಕಡೆ ಒಮ್ಮೆಗೇ ಪೆಟ್ಟು ಕೊಡುತ್ತವೆ, ಹೊಸವು ಬಹುಪಾಲು ಒಂದೇ ಗುರಿಯನ್ನು ಹೊಡೆಯುತ್ತವೆ. ಫ್ರಾನ್ಸಿನ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ಬೂಜುರೋಗಕ್ಕೆ ಶಿಫಾರಸು ಮಾಡಿದ, ಮೈಲುತುತ್ತ (ತಾಮ್ರದ ಲವಣ) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಇಂದಿಗೂ ಆ ರೋಗದ ಮೇಲೆ ಕೆಲಸ ಮಾಡುತ್ತದೆ. ಆಲೂಗಡ್ಡೆಯ ಅಂಗಮಾರಿಗೆ ರಾಮಬಾಣದಂತೆ ಬಂದ, ಒಂದೇ ಗುರಿಯ ಮೆಟಲಾಕ್ಸಿಲ್‌ಗೆ ಬಳಕೆ ಆರಂಭವಾದ ಕೆಲವೇ ವರ್ಷಗಳಲ್ಲಿ, 1980ರ ಹೊತ್ತಿಗೆ, ಯುರೋಪಿನಲ್ಲಿ ನಿರೋಧ ಕಾಣಿಸಿತು. ಹಾಗೆಂದು ಹಳೆಯದೇ ಸದಾ ಉತ್ತಮವಲ್ಲ. ತಾಮ್ರ ಎಲೆಯ ಮೇಲ್ಮೈಯಲ್ಲಿ ಮಾತ್ರ ಕಾಯುತ್ತದೆ, ಮಳೆಗೆ ತೊಳೆದುಹೋಗುತ್ತದೆ, ವರ್ಷಗಟ್ಟಲೆ ಬಳಸಿದ ತೋಟದ ಮಣ್ಣಿನಲ್ಲಿ ಶೇಖರವಾಗಿ ಎರೆಹುಳುಗಳಿಗೂ ಸೂಕ್ಷ್ಮಜೀವಿಗಳಿಗೂ ಕೇಡು ಮಾಡುತ್ತದೆ. ಸೋಂಕು ಎಲೆಯೊಳಗೆ ಆಗಲೇ ಹೊಕ್ಕಿದ್ದರೆ ಒಳಸೇರುವ ಹೊಸ ಔಷಧಿಯೇ ಬೇಕಾಗುತ್ತದೆ. ಒಂದೇ ಗುರಿಯ ಔಷಧಿಯನ್ನು ಸತತವಾಗಿ ಹೊಡೆಯದೆ, ಬೇರೆ ಕ್ರಿಯಾವಿಧಾನದ್ದರೊಡನೆ ಬೆರೆಸಿ ಅಥವಾ ಸರದಿಯಲ್ಲಿ ಬಳಸಿದರೆ ಎರಡರ ಗುಣವೂ ಸಿಗುತ್ತದೆ. ಡಬ್ಬಿಯ ಮೇಲಿನ ವ್ಯಾಪಾರಿ ಹೆಸರು ಬದಲಾದ ಮಾತ್ರಕ್ಕೆ ಕ್ರಿಯಾವಿಧಾನ ಬದಲಾಗುವುದಿಲ್ಲ. ನೋಡಬೇಕಾದದ್ದು ಕ್ರಿಯಾವಿಧಾನದ ಗುಂಪನ್ನು ಸೂಚಿಸುವ ಸಂಕೇತವನ್ನು.

ಕೀಟಗಳ ವಿಷಯದಲ್ಲಿ ಸಿಂಪರಣೆಯೇ ಪೀಡೆಯನ್ನು ಹೆಚ್ಚಿಸಬಹುದೆಂಬುದಕ್ಕೆ ಭತ್ತದ ಕಂದು ಜಿಗಿಹುಳು ಸಾಕ್ಷಿ. ವ್ಯಾಪಕವಾಗಿ ಕೊಲ್ಲುವ ಕೀಟನಾಶಕಗಳು ಜೇಡ, ತಿಗಣೆಗಳಂಥ ಅದರ ಶತ್ರುಗಳನ್ನು ಮೊದಲು ಮುಗಿಸುತ್ತವೆ. ಇದನ್ನು ಸಂಶೋಧಕರು ತೋರಿಸಿಕೊಟ್ಟ ಮೇಲೆ ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿತು.

ಜೈವಿಕ ನಿಯಂತ್ರಣವೆಂಬ ಒಂದೇ ಹೆಸರಿನಡಿ ಎರಡು ಬೇರೆ ಸಂಗತಿಗಳಿವೆ. ಹೊರಗಿನಿಂದ ಬಂದ ಪೀಡೆಯ ತವರಿನಿಂದ ಅದರ ಶತ್ರುವನ್ನು ತಂದು ಶಾಶ್ವತವಾಗಿ ನೆಲೆಗೊಳಿಸುವುದು ಮೊದಲನೆಯದು. ಆಫ್ರಿಕಾದಲ್ಲಿ ಮರಗೆಣಸನ್ನು ಹಾಳುಮಾಡುತ್ತಿದ್ದ ಹಿಟ್ಟು ತಿಗಣೆಗೆ ದಕ್ಷಿಣ ಅಮೆರಿಕದಿಂದ ತಂದ ಸಣ್ಣ ಕಣಜದ ಹುಳುವನ್ನು 1981ರಿಂದ ಬಿಡುಗಡೆ ಮಾಡಲಾಯಿತು. ಅದು ತಾನೇ ಹಬ್ಬಿ, ಬೆಳೆಗಾರರು ಏನನ್ನೂ ಕೊಳ್ಳದೆಯೇ, ಖಂಡದ ಬಹುಭಾಗದಲ್ಲಿ ಪೀಡೆಯನ್ನು ಹತೋಟಿಗೆ ತಂದಿತು. ಇದನ್ನು ಮುನ್ನಡೆಸಿದ ಹಾನ್ಸ್ ಹೆರೆನ್ ಅವರಿಗೆ 1995ರ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು. ಇದು ಸರ್ಕಾರ ಮತ್ತು ಸಂಶೋಧನಾ ಸಂಸ್ಥೆಗಳ ಕೆಲಸ, ಏಕೆಂದರೆ ತಂದ ಜೀವಿ ಬೇರೆ ಯಾವುದನ್ನೂ ತಿನ್ನುವುದಿಲ್ಲವೆಂದು ಮೊದಲು ಪರೀಕ್ಷಿಸಬೇಕು. 1935ರಲ್ಲಿ ಆಸ್ಟ್ರೇಲಿಯಾದ ಕಬ್ಬಿನ ಗದ್ದೆಗಳಿಗೆ ತಂದ ಕೇನ್ ಟೋಡ್ ಕಪ್ಪೆಗಳು ಅಲ್ಲಿನ ವನ್ಯಜೀವಿಗಳಿಗೆ ಇಂದಿಗೂ ಕಂಟಕವಾಗಿವೆ. ಟ್ರೈಕೊಡರ್ಮಾ ಶಿಲೀಂಧ್ರ, ಸೂಡೊಮೊನಾಸ್ ಬ್ಯಾಕ್ಟೀರಿಯಾಗಳಂಥ ಜೀವಿಗಳನ್ನು ಬೀಜಕ್ಕೋ ಮಣ್ಣಿಗೋ ಮತ್ತೆ ಮತ್ತೆ ಸೇರಿಸುವುದು ಎರಡನೆಯ ಬಗೆ. ಇವು ರೋಗ ಬರುವ ಮುನ್ನ ಬೇರಿನ ಸುತ್ತ ನೆಲೆಗೊಂಡರೆ ಫಲ ಕೊಡುತ್ತವೆ. ಗಿಡ ಸೊರಗಿದ ಮೇಲೆ ಸುರಿದರೆ ಪ್ರಯೋಜನ ಅಲ್ಪ. ಪೊಟ್ಟಣದಲ್ಲಿ ಜೀವಂತ ಕಣಗಳು ಎಷ್ಟಿವೆ, ಯಾವ ತಾರೀಖಿನವರೆಗೆ ಉಳಿಯುತ್ತವೆ, ಬಿಸಿಲಿನಲ್ಲಿ ಇಟ್ಟಿದ್ದರೇ ಎಂಬುದನ್ನು ವಿಚಾರಿಸದೆ ಕೊಳ್ಳಬಾರದು.

ಕಣ್ಣು, ತುಂಡು, ಕಂದುಗಳಿಂದ ಬೆಳೆಸುವ ಬೆಳೆಗಳಲ್ಲಿ ವೈರಸ್‌ಗೆ ಔಷಧಿಯೇ ಇಲ್ಲದ್ದರಿಂದ ಶುದ್ಧ ನಾಟಿ ಸಾಮಗ್ರಿಗೆ ಪರ್ಯಾಯವಿಲ್ಲ. ಚಿಗುರಿನ ತುತ್ತತುದಿಯ ಅಂಗಾಂಶದಿಂದ ವೈರಸ್ ಇಲ್ಲದ ಗಿಡ ಪಡೆಯಬಹುದೆಂದು ಮೊರೆಲ್ ಮತ್ತು ಮಾರ್ಟಿನ್ 1952ರಲ್ಲಿ ಡೇಲಿಯಾದಲ್ಲಿ ತೋರಿಸಿದರು. ಕಬ್ಬಿನ ಕೂಳೆ ಕುಂಠಿತ ರೋಗಕ್ಕೆ ಬೀಜದ ತುಂಡುಗಳನ್ನು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಎರಡು ಗಂಟೆ ಇಡುವುದು ಇನ್ನೂ ಬಳಕೆಯಲ್ಲಿರುವ ಸರಳ ವಿಧಾನ.

ಹೇಳಿಕೆಯ ಹಿಂದಿನ ಸಾಕ್ಷ್ಯವನ್ನು ತೂಗುವುದು

ಎರಡು ಉತ್ಪನ್ನಗಳ ನಡುವೆ ಆರಿಸುವಾಗ ಪ್ರಚಾರ ಪತ್ರಿಕೆಯ ಎರಡು ಫೋಟೋಗಳು ಯಾವುದಕ್ಕೂ ಪ್ರಮಾಣವಲ್ಲ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್ 1919ರಿಂದ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದ ಪ್ರಯೋಗ ತತ್ವಗಳು ಇಂದಿಗೂ ಇದಕ್ಕೆ ಒರೆಗಲ್ಲು. ಚಿಕಿತ್ಸೆ ಪಡೆಯದ ತುಂಡುಭೂಮಿ ಅಥವಾ ಪ್ರಾಣಿಗಳ ಗುಂಪು ಪಕ್ಕದಲ್ಲೇ ಇತ್ತೇ, ಯಾವುದಕ್ಕೆ ಏನು ಕೊಡಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರೇ, ಹಲವು ಕಡೆ ಹಲವು ಋತುಗಳಲ್ಲಿ ಮರುಪರೀಕ್ಷೆ ನಡೆದಿತ್ತೇ ಎಂದು ಕೇಳಬೇಕು. ರೋಗವೇ ಬಾರದ ವರ್ಷದಲ್ಲಿ ಎಲ್ಲ ಔಷಧಿಗಳೂ ಯಶಸ್ವಿಯಾಗಿ ಕಾಣುತ್ತವೆ. ಆದ್ದರಿಂದ ಚಿಕಿತ್ಸೆಯಿಲ್ಲದ ಗುಂಪಿನಲ್ಲಿ ರೋಗ ಎಷ್ಟಿತ್ತು ಎಂಬ ಅಂಕಿ ಇಲ್ಲದ ವರದಿಯನ್ನು ಪಕ್ಕಕ್ಕಿಡಬಹುದು. ಶೇಕಡಾ 50ರಷ್ಟು ರೋಗ ಕಡಿಮೆಯಾಯಿತು ಎಂಬ ಮಾತು 100ರಲ್ಲಿ 40 ಇದ್ದದ್ದು 20ಕ್ಕೆ ಇಳಿದಾಗಲೂ ನಿಜ, 2 ಇದ್ದದ್ದು 1ಕ್ಕೆ ಇಳಿದಾಗಲೂ ನಿಜ. ಎರಡರ ಬೆಲೆ ಒಂದೇ ಅಲ್ಲ.

ಬೆಳೆ ಮತ್ತು ಜಾನುವಾರು ಸೇರುವ ಜಾಗದಲ್ಲಿ

ಅಫ್ಲಾಟಾಕ್ಸಿನ್ ವಿಷಯದಲ್ಲಿ ಮೇಲಿನ ಆಯ್ಕೆಗಳೆಲ್ಲ ಒಂದೇ ಕಡೆ ಸೇರುತ್ತವೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ, ಕಾರಣ ಹುಡುಕುತ್ತಾ ಹೋದ ಸಂಶೋಧಕರು ಮೇವಿನಲ್ಲಿದ್ದ ಶೇಂಗಾ ಹಿಂಡಿಯನ್ನೂ ಅದರ ಮೇಲೆ ಬೆಳೆದಿದ್ದ ಆಸ್ಪರ್ಜಿಲಸ್ ಬೂಷ್ಟಿನ ವಿಷವನ್ನೂ ಗುರುತಿಸಿದರು. ಹಸು ಇಂಥ ಮೇವು ತಿಂದರೆ ವಿಷದ ಒಂದು ರೂಪ ಒಂದೆರಡು ದಿನಗಳಲ್ಲೇ ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ, ಮತ್ತು ಬಿಸಿ ಮಾಡಿದರೆ ಹೋಗುವುದಿಲ್ಲ. ಇದನ್ನು ಹೊಲದಲ್ಲೂ ತಡೆಯಬಹುದು, ಕಣಜದಲ್ಲೂ ತಡೆಯಬಹುದು, ಮೇವಿನ ತೊಟ್ಟಿಯಲ್ಲೂ ತಡೆಯಬಹುದು. ಹೊಲದಲ್ಲಿ ವಿಷ ಉತ್ಪಾದಿಸದ ಆಸ್ಪರ್ಜಿಲಸ್ ತಳಿಗಳನ್ನು ಹೂ ಬಿಡುವುದಕ್ಕೆ ಎರಡು ಮೂರು ವಾರ ಮೊದಲು ಹರಡಿ, ವಿಷದ ತಳಿಗಳಿಗೆ ಜಾಗವಿಲ್ಲದಂತೆ ಮಾಡುವ ವಿಧಾನ ಮೆಕ್ಕೆಜೋಳ ಮತ್ತು ಶೇಂಗಾಗಳಲ್ಲಿ ಫಲ ಕೊಟ್ಟಿದೆ. ಕೊಯ್ಲಿನ ನಂತರ ಬೇಗ ಒಣಗಿಸಿ, ನೆಲದ ತೇವ ತಾಗದಂತೆ ಇಡುವುದು ಎಲ್ಲರಿಂದಲೂ ಸಾಧ್ಯವಾಗುವಂಥದ್ದು. ಮೇವಿಗೆ ಬೆಂಟೊನೈಟ್ ಜೇಡಿ ಬೆರೆಸಿದರೆ ಅದು ಹೊಟ್ಟೆಯಲ್ಲಿ ಅಫ್ಲಾಟಾಕ್ಸಿನ್ನನ್ನು ಹಿಡಿದಿಟ್ಟು ರಕ್ತಕ್ಕೆ ಹೋಗುವುದನ್ನು ಕಡಿಮೆ ಮಾಡುತ್ತದೆ, ಬೇರೆ ಬೂಷ್ಟು ವಿಷಗಳ ಮೇಲೆ ಅದರ ಪರಿಣಾಮ ಅಷ್ಟಿಲ್ಲ. ಸಾಧನ ಸೀಮಿತವಾಗಿದ್ದು ಒಂದನ್ನೇ ಆರಿಸಬೇಕಾಗಿ ಬಂದರೆ ಒಣಗಿಸುವುದನ್ನೇ ಮೊದಲು ಸರಿಪಡಿಸಬೇಕು. ಬರಗಾಲದಲ್ಲಿ ಕಾಳು ಕಟ್ಟಿದ ವರ್ಷ ಮಾತ್ರ ಅದೊಂದೇ ಸಾಲದು, ಏಕೆಂದರೆ ಶಿಲೀಂಧ್ರ ಕಾಳಿನೊಳಗೆ ಹೊಲದಲ್ಲೇ ಸೇರಿರುತ್ತದೆ. ಆಗ ಸಂಗ್ರಹದ ಮಾದರಿಯನ್ನು ಚೀಲದ ಮೇಲ್ಭಾಗದಿಂದ ಮಾತ್ರ ತೆಗೆಯದೆ, ಹಲವು ಚೀಲಗಳ ಹಲವು ಆಳದಿಂದ ಸ್ವಲ್ಪಸ್ವಲ್ಪ ತೆಗೆದು, ಒಟ್ಟಿಗೆ ಪುಡಿಮಾಡಿ ಬೆರೆಸಿ ಪರೀಕ್ಷೆಗೆ ಕಳುಹಿಸಬೇಕು ಮತ್ತು ಫಲಿತಾಂಶ ಬರುವವರೆಗೆ ಆ ಕಾಳನ್ನು ಹಾಲು ಕೊಡುವ ಹಸುಗಳ ಮೇವಿನಿಂದ ದೂರ ಇಡಬೇಕು.